ಹೊಳೆ ಕಡಲಿಗೆ ಒಯ್ಯುವುದು

ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತದೆ: ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ. ಯೋಜನಾ ವರದಿಗಳ ಮೊದಲ ಪುಟದಲ್ಲಿ, ಬರಗಾಲದ ಸಂಪಾದಕೀಯಗಳಲ್ಲಿ, ಚುನಾವಣೆಯ ವೇದಿಕೆಗಳಲ್ಲಿ ಇದನ್ನು ಕೇಳಿ ಕೇಳಿ ಕರಾವಳಿಯ ಜನರೂ ನಂಬತೊಡಗಿದ್ದಾರೆ. ಕರ್ನಾಟಕದ ನದಿಗಳ ಒಟ್ಟು ಇಳುವರಿ ಸುಮಾರು 3,400 ಟಿಎಂಸಿ, ಅದರಲ್ಲಿ ಹತ್ತಿರಹತ್ತಿರ 2,000 ಟಿಎಂಸಿ ಘಟ್ಟದ ಪಡುವಣ ಇಳಿಜಾರಿನದು. ಈ ಅಂಕಿಗಳ ಬಗ್ಗೆ ತಕರಾರಿಲ್ಲ. ಆದರೆ ಆ ನೀರು ಕಡಲಿಗೆ ಏನನ್ನು ಒಯ್ಯುತ್ತದೆ, ಅದು ಹೋಗದಿದ್ದರೆ ಅಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕಿದ ಮೇಲೆ ಈ ತೀರ್ಮಾನಕ್ಕೆ ಬಂದವರನ್ನು ನಾನು ಕಂಡಿಲ್ಲ. ಆ ಲೆಕ್ಕ ಹಾಕುವ ವಿದ್ಯೆಯೊಂದು ಇದೆ. ಅದು ಬೆಳೆದು ಬಂದ ಬಗೆಯನ್ನೂ ನಮ್ಮ ಕರಾವಳಿಯ ಮಟ್ಟಿಗೆ ಅದು ಎಲ್ಲಿ ನಿಂತಿದೆ ಎಂಬುದನ್ನೂ ಹೇಳುವುದು ಈ ಲೇಖನದ ಉದ್ದೇಶ.

ಆರಂಭದಲ್ಲಿ ಯಾರಿಗೂ ಮೀನು, ಪಾಚಿಗಳ ಚಿಂತೆ ಇರಲಿಲ್ಲ. ಕಡಲು ಯಾಕೆ ಉಪ್ಪು ಎಂಬುದಷ್ಟೇ ಪ್ರಶ್ನೆ. ಚಾಲೆಂಜರ್ ನೌಕಾಯಾನದಿಂದ ಹೆಸರಾದ ಜಾನ್ ಮರ್ರೆ 1887ರಲ್ಲಿ ಜಗತ್ತಿನ ನದಿಗಳು ವರ್ಷಕ್ಕೆ ಎಷ್ಟು ನೀರನ್ನು ಸುರಿಯುತ್ತವೆಂದು ಅಂದಾಜು ಮಾಡಿದ. 1899ರಲ್ಲಿ ಜಾನ್ ಜೋಲಿ ನದಿಗಳು ತರುವ ಸೋಡಿಯಮ್ಮನ್ನು ಲೆಕ್ಕಕ್ಕೆ ಹಿಡಿದು ಕಡಲಿನ ವಯಸ್ಸು ಎಂಟೊಂಬತ್ತು ಕೋಟಿ ವರ್ಷ ಎಂದ. ಕಡಲಿಗೆ ಬಂದದ್ದೆಲ್ಲ ಅಲ್ಲೇ ಉಳಿಯುತ್ತದೆ ಎಂಬ ಊಹೆ ಅವನದು, ಉತ್ತರ ಸುಳ್ಳಾದದ್ದು ಅದರಿಂದಲೇ. ಎಫ್.ಡಬ್ಲ್ಯು. ಕ್ಲಾರ್ಕ್ 1908ರಿಂದ ಪ್ರಕಟಿಸುತ್ತ ಬಂದ ರಸಾಯನ ಕೋಷ್ಟಕಗಳು, 1963ರ ಲಿವಿಂಗ್‌ಸ್ಟನ್ ಸಂಕಲನ, ಬಂಡೆ, ಮಳೆ, ಆವಿಯಾಗುವಿಕೆ ಎಂಬ ಮೂರರಿಂದ ನದಿನೀರಿನ ಗುಣವನ್ನು ವಿವರಿಸಿದ 1970ರ ಗಿಬ್ಸ್ ಲೇಖನ, ಇವು ಆ ಕಾಲದ ಮೈಲಿಗಲ್ಲುಗಳು. ಭೂವಿಜ್ಞಾನಿಗಳಿಗೆ ಇವು ಇಂದಿಗೂ ಪಾಠ್ಯ. ಜೀವದ ಪ್ರಶ್ನೆಯನ್ನು ಇವು ಮುಟ್ಟಲೇ ಇಲ್ಲ.

ಅದನ್ನು ಮುಟ್ಟಿದವರು ವುಡ್ಸ್ ಹೋಲ್‌ನ ಆಲ್ಫ್ರೆಡ್ ರೆಡ್‌ಫೀಲ್ಡ್. ಕಡಲಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು 106:16:1ರ ಪ್ರಮಾಣದಲ್ಲಿವೆ, ಆಳದ ನೀರಿನಲ್ಲಿ ಕರಗಿದ ಪೋಷಕಾಂಶಗಳಲ್ಲೂ ಇದೇ ಪ್ರಮಾಣವಿದೆ ಎಂಬ ಅವರ ಚಿಂತನೆ 1934ರಲ್ಲಿ ಮೊಳೆತು 1958ರ ಹೊತ್ತಿಗೆ ಗಟ್ಟಿಯಾಯಿತು. ಅಂದಿನಿಂದ ನದಿ ಏನನ್ನು ತರುತ್ತದೆ ಎಂಬುದರ ಜೊತೆಗೆ ಯಾವ ಅನುಪಾತದಲ್ಲಿ ತರುತ್ತದೆ ಎಂಬುದೂ ಪ್ರಶ್ನೆಯಾಯಿತು. ಆದರೆ ಈ ಸೂತ್ರದಲ್ಲಿ ಸಿಲಿಕಕ್ಕೆ ಜಾಗವಿರಲಿಲ್ಲ. ಕರಾವಳಿಯ ಮೀನುಗಾರಿಕೆಯ ಬುಡದಲ್ಲಿರುವ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ತಮ್ಮ ಕವಚವನ್ನು ಕಟ್ಟಿಕೊಳ್ಳುವುದು ಸಿಲಿಕದಿಂದಲೇ. ಒಂದು ಪಾಲು ಸಾರಜನಕಕ್ಕೆ ಹೆಚ್ಚುಕಡಿಮೆ ಒಂದು ಪಾಲು ಸಿಲಿಕ ಬೇಕು ಎಂಬುದು ಸ್ಪಷ್ಟವಾಗಲು ಬ್ರಜೆಜಿನ್ಸ್ಕಿಯ 1985ರ ಪ್ರಯೋಗಗಳವರೆಗೆ ಕಾಯಬೇಕಾಯಿತು. ಸಿಲಿಕವನ್ನು ಹೊರಗಿಟ್ಟೇ ಯೋಚಿಸುವ ಅಭ್ಯಾಸ ನಮ್ಮ ಅಳತೆಗಳಲ್ಲಿ ಇಂದಿಗೂ ಉಳಿದಿದೆ.

ನಮ್ಮ ಪಶ್ಚಿಮ ಕರಾವಳಿಗೆ ಈ ಡಯಾಟಮ್‌ಗಳ ಮಹತ್ವ ಬಹಳ ಹಿಂದೆಯೇ ತಿಳಿದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮದರಾಸು ಸರ್ಕಾರದ ಮೀನುಗಾರಿಕೆ ವಿಭಾಗದಲ್ಲಿದ್ದ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು 1920ರ ದಶಕದ ಆರಂಭದಲ್ಲೇ ಮಲಬಾರ್ ಕರಾವಳಿಯ ಬೂತಾಯಿ ಮೀನಿನ ಜೀವನಚಕ್ರವನ್ನೂ ಅದರ ಆಹಾರವಾದ ಪ್ಲವಕಗಳನ್ನೂ ಒಟ್ಟಿಗಿಟ್ಟು ನೋಡಿದ್ದರು. ಫ್ರಾಜಿಲೇರಿಯ ಎಂಬ ಡಯಾಟಮ್ ಹುಲುಸಾಗಿ ಬಂದ ವರ್ಷ ಬೂತಾಯಿಯೂ ಹುಲುಸು ಎಂಬ ಮಾತು 1950ರ ದಶಕದಲ್ಲಿ ಇನ್ನಷ್ಟು ಬಲವಾಯಿತು. ಅದೇ ಕಾಲದಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಲಾ ಫಾಂಡ್ ಮತ್ತು ಅವರ ಶಿಷ್ಯರು ಬಂಗಾಳ ಕೊಲ್ಲಿಯ ನೀರಿನ ಗುಣಗಳನ್ನು ಅಳೆಯತೊಡಗಿದರು. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದ ಬೆನ್ನಿಗೆ 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಶಂಕರನಾರಾಯಣನ್ ಮತ್ತು ಖಾಸಿಂ 1969ರಲ್ಲಿ ಕೊಚ್ಚಿ ಹಿನ್ನೀರಿನ ಪೋಷಕಾಂಶಗಳ ಬಗ್ಗೆ ಪ್ರಕಟಿಸಿದ ಕೆಲಸವನ್ನು ಇಂದು ಓದಿದರೂ ಅದರ ಶಿಸ್ತಿಗೆ ತಲೆಬಾಗಬೇಕೆನಿಸುತ್ತದೆ.

ಇದೇ ಹೊತ್ತಿಗೆ ಅಮೆರಿಕದ ಜಾರ್ಜಿಯದಲ್ಲಿ ಟೀಲ್ ಮತ್ತು ಯೂಜೀನ್ ಓಡಮ್, ಅಳಿವೆಯ ಜೌಗು ತನ್ನಲ್ಲಿ ಹೆಚ್ಚಾದ ಸಾವಯವ ವಸ್ತುವನ್ನು ಕಡಲಿಗೆ ಉಣಿಸುತ್ತದೆ ಎಂಬ ವಾದವನ್ನು ಮುಂದಿಟ್ಟರು. 1980ರಲ್ಲಿ ಸ್ಕಾಟ್ ನಿಕ್ಸನ್ ಇದಕ್ಕೆ ಸಾಕಷ್ಟು ಅಳತೆಯ ಬೆಂಬಲವಿಲ್ಲವೆಂದು ತೋರಿಸಿದರು. ನಿಕ್ಸನ್ ಹೇಳಿದ್ದು ಪ್ರತಿಯೊಂದು ಅಳಿವೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕು ಎಂದು. ಅಳಿವೆಗಳಿಂದ ಕಡಲಿಗೆ ಏನೂ ಸಿಗುವುದಿಲ್ಲ ಎಂದು ಅವರು ಹೇಳಿದಂತೆ ನಮ್ಮಲ್ಲಿ ಕೆಲವರು ಉದ್ಧರಿಸುವುದು ಅನ್ಯಾಯ.

ನನ್ನ ತಲೆಮಾರಿನವರು ಈ ಕ್ಷೇತ್ರಕ್ಕೆ ಕಾಲಿಟ್ಟಾಗ ಎಲ್ಲರ ಮೇಜಿನ ಮೇಲಿದ್ದದ್ದು ಹ್ಯಾಂಬರ್ಗಿನಿಂದ ಬರುತ್ತಿದ್ದ ಸಂಪುಟಗಳು. ಎಗಾನ್ ಡೆಗೆನ್ಸ್ ಮತ್ತು ಸ್ಟೀಫನ್ ಕೆಂಪೆ ಜಗತ್ತಿನ ಮಹಾನದಿಗಳು ಒಯ್ಯುವ ಇಂಗಾಲವನ್ನು ಒಂದೇ ಕ್ರಮದಲ್ಲಿ ಅಳೆಯುವ ಯೋಜನೆಯನ್ನು ಕಟ್ಟಿದ್ದರು. ಮೊದಲ ಸಂಪುಟ 1982ರದು. ಅದೇ ವರ್ಷ ಫ್ರಾನ್ಸಿನ ಮಿಷೆಲ್ ಮೇಬೆಕ್ ನದಿಗಳು ಕಡಲಿಗೆ ಒಯ್ಯುವ ಸಾವಯವ ಇಂಗಾಲ ವರ್ಷಕ್ಕೆ ಸುಮಾರು 40 ಕೋಟಿ ಟನ್ ಎಂದರು. ಅರ್ಧದಷ್ಟು ಕರಗಿದ ರೂಪದಲ್ಲಿ, ಉಳಿದದ್ದು ಮಣ್ಣಿನ ಕಣಗಳಿಗೆ ಅಂಟಿಕೊಂಡು. ಆಮೇಲಿನ ನೂರಾರು ಲೇಖನಗಳು ಈ ಅಂಕಿಯನ್ನು ಅತ್ತಿತ್ತ ಸರಿಸಿವೆಯೇ ಹೊರತು ಬುಡಮೇಲು ಮಾಡಿಲ್ಲ. ಭಾರತದಲ್ಲಿ ಆ ಕಾಲದ ದೊಡ್ಡ ಕೆಲಸ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿ. ಸುಬ್ರಮಣಿಯನ್ ಅವರದು. ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಗಳ ರಸಾಯನವನ್ನು ನಮಗೆ ಪರಿಚಯಿಸಿದ್ದೇ ಅವರು ಮತ್ತು ಅವರ ಶಿಷ್ಯರು.

ಹ್ಯಾಂಬರ್ಗಿನ ಬಳಗದಲ್ಲಿ ನಾನು ಎಲ್ಲರಿಗಿಂತ ಮೇಲಿಡುವುದು ವೇಣುಗೋಪಾಲನ್ ಇಟ್ಟೆಕೋಟ್ ಅವರನ್ನು. ಬಂಗಾಳ ಕೊಲ್ಲಿಯ ಆಳದಲ್ಲಿ ಕಣಗಳನ್ನು ಹಿಡಿಯುವ ಬಲೆಗಳನ್ನು ಇಳಿಬಿಟ್ಟು ನಡೆಸಿದ ಅಧ್ಯಯನವನ್ನು ಅವರ ತಂಡ 1991ರಲ್ಲಿ ಪ್ರಕಟಿಸಿತು. ಮುಂಗಾರಿನ ನದಿನೀರು ಕೊಲ್ಲಿಗೆ ಇಳಿದಾಗ ಕೆಳಗೆ ಬೀಳುವ ಕಣಗಳ ಪ್ರಮಾಣವೂ ಏರುತ್ತದೆ ಎಂಬುದು ಅದರ ಸಾರ. ನದಿ ತಂದ ಜೇಡಿಯ ಕಣ ಪ್ಲವಕದ ಅವಶೇಷಕ್ಕೆ ಅಂಟಿ ಅದರ ತೂಕ ಹೆಚ್ಚಿಸುತ್ತದೆ. ತೂಕ ಹೆಚ್ಚಿದ್ದು ಬೇಗ ಮುಳುಗುತ್ತದೆ, ಬೇಗ ಮುಳುಗಿದ್ದು ದಾರಿಯಲ್ಲಿ ಕೊಳೆಯದೆ ತಳ ಸೇರುತ್ತದೆ. ಹೂಳು ಎಂದು ನಾವು ಶಪಿಸುವ ವಸ್ತು ಕಡಲಿನಲ್ಲಿ ಇಂಗಾಲವನ್ನು ಹೂಳುವ ಕೆಲಸ ಮಾಡುತ್ತದೆಂದು ಇಷ್ಟು ಖಚಿತವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಹಿಮಾಲಯದ ನದಿಗಳು ತರುವ ಸಾವಯವ ಇಂಗಾಲ ಬಹುಪಾಲು ಕೊಳೆಯದೆ ಬಂಗಾಳ ಕೊಲ್ಲಿಯ ತಳದಲ್ಲಿ ಉಳಿಯುತ್ತದೆಂದು ವಾಲಿಯರ್ ಗಾಲಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದನ್ನು ನಾನು ಈ ಸಾಲಿಗೇ ಸೇರಿಸುತ್ತೇನೆ. ಅಮೆಜಾನ್ ತರುವುದರಲ್ಲಿ ಹೆಚ್ಚಿನ ಭಾಗ ಕೊಳೆತು ಹೋಗುತ್ತದೆ. ನದಿಯಿಂದ ನದಿಗೆ ವ್ಯತ್ಯಾಸ ಅಷ್ಟಿದೆ.

ಇಟ್ಟೆಕೋಟ್ ಅವರ ಇನ್ನೊಂದು ಕಾಳಜಿ ಸಿಲಿಕ. ಕ್ರಿಸ್ಟೋಫ್ ಹುಂಬೋರ್ಗ್ ಮತ್ತು ಅವರು ಇತರರೊಡನೆ 1997ರಲ್ಲಿ ಡ್ಯಾನ್ಯೂಬ್ ನದಿಯ ಅಣೆಕಟ್ಟುಗಳನ್ನೂ ಕಪ್ಪು ಸಮುದ್ರದ ಬದಲಾವಣೆಗಳನ್ನೂ ಜೋಡಿಸಿದರು. ಅಣೆಕಟ್ಟಿನ ಹಿಂದೆ ನೀರು ನಿಂತರೆ ಅಲ್ಲೇ ಡಯಾಟಮ್ ಬೆಳೆದು, ಸತ್ತು, ಸಿಲಿಕವನ್ನು ತಳದ ಕೆಸರಿಗೆ ಸೇರಿಸುತ್ತದೆ. ಕೆಳಗೆ ಗೊಬ್ಬರ, ಚರಂಡಿಗಳಿಂದ ಸಾರಜನಕ, ರಂಜಕ ಮತ್ತೆ ನದಿಗೆ ಸೇರುತ್ತವೆ. ಸಿಲಿಕವನ್ನು ಮತ್ತೆ ತುಂಬಿಕೊಡುವ ಮೂಲ ಕೆಳಗಿಲ್ಲ, ಅದು ಬರಬೇಕಾದ್ದು ಬಂಡೆ ಕರಗಿಯೇ. ಹಾಗಾಗಿ ಕಡಲಿಗೆ ಅನುಪಾತ ಕೆಟ್ಟ ನೀರು ಹೋಗುತ್ತದೆ, ಡಯಾಟಮ್ ಹಿಂದೆ ಸರಿದು ಬೇರೆ ಪಾಚಿಗಳು ಮುಂದೆ ಬರುತ್ತವೆ. ಡ್ಯಾನ್ಯೂಬಿನಲ್ಲಿ ಯಾವ ಅಣೆಕಟ್ಟು ಎಷ್ಟು ಸಿಲಿಕ ಹಿಡಿಯಿತು ಎಂಬ ಬಗ್ಗೆ ಆಮೇಲೆ ವಾದಗಳೆದ್ದವು, ಐರನ್ ಗೇಟ್ಸ್‌ನ ಪಾಲು ಮೊದಲು ಹೇಳಿದ್ದಕ್ಕಿಂತ ತುಂಬ ಕಡಿಮೆ ಎಂಬ ಅಳತೆ ಬಂತು. ಮೂಲ ತರ್ಕ ಮಾತ್ರ ಅಲುಗಲಿಲ್ಲ.

ಅಣೆಕಟ್ಟಿನ ಚರ್ಚೆಯಲ್ಲಿ ನೈಲ್ ನದಿಯನ್ನು ಬಿಡಲಾಗದು. 1960ರ ದಶಕದಲ್ಲಿ ಆಸ್ವಾನ್ ಹೈ ಡ್ಯಾಮ್ ಕಟ್ಟಿ ನೆರೆ ನಿಂತ ಮೇಲೆ, 1962ರಲ್ಲಿ ಸುಮಾರು 18,000 ಟನ್ ಇದ್ದ ಈಜಿಪ್ಟಿನ ಸಾರ್ಡಿನ್ ಮೀನಿನ ಇಳುವರಿ ದಶಕ ಮುಗಿಯುವ ಮೊದಲೇ ಸಾವಿರ ಟನ್ನಿಗಿಂತ ಕೆಳಗಿಳಿಯಿತು. ಮುಂದೆ ಅಲ್ಲಿನ ಮೀನುಗಾರಿಕೆ ಚೇತರಿಸಿಕೊಂಡಿದೆ, ನಿಜ. ಗೊಬ್ಬರ ಮತ್ತು ನಗರಗಳ ಕೊಳಚೆಯೇ ಹಳೆಯ ನೆರೆಯ ಜಾಗ ತುಂಬಿದವು ಎಂದು ನಿಕ್ಸನ್ ವಿವರಿಸಿದ್ದಾರೆ. ಇದನ್ನು ಸಮಾಧಾನವೆಂದು ಓದುವವರ ಜೊತೆ ನನಗೆ ಒಮ್ಮತವಿಲ್ಲ.

1992ರಲ್ಲಿ ಮಿಲಿಮನ್ ಮತ್ತು ಸಿವಿಟ್ಸ್ಕಿ ಬರೆದ ಲೇಖನ ನಮ್ಮಂಥ ಕರಾವಳಿಯವರಿಗೆ ಕಣ್ಣು ತೆರೆಸಿತು. ಅದುವರೆಗಿನ ಎಲ್ಲ ಕೋಷ್ಟಕಗಳೂ ಅಮೆಜಾನ್, ಕಾಂಗೋ, ಗಂಗೆಗಳ ಸುತ್ತ ಇದ್ದವು. ಬೆಟ್ಟದಿಂದ ನೇರ ಕಡಲಿಗಿಳಿಯುವ ಸಣ್ಣ ನದಿಗಳು ತಮ್ಮ ಜಲಾನಯನದ ಗಾತ್ರಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು ಮಣ್ಣು ಒಯ್ಯುತ್ತವೆ, ದಾರಿಯಲ್ಲಿ ಅದನ್ನು ತಡೆಯುವ ಬಯಲಿಲ್ಲ ಎಂದು ಅವರು ತೋರಿಸಿದರು. ಅವರ ಉದಾಹರಣೆಗಳು ಹೆಚ್ಚಾಗಿ ತೈವಾನ್, ನ್ಯೂಗಿನಿಯಂಥ ಎಳೆಯ, ಸಡಿಲ ಬೆಟ್ಟಗಳವು. ನಮ್ಮ ಘಟ್ಟ ಹಳೆಯ ಗಟ್ಟಿ ಬಂಡೆಯದು, ದಟ್ಟ ಕಾಡಿನದು, ಆದ್ದರಿಂದ ಮಣ್ಣಿನ ಹೊರೆ ಅಷ್ಟಿಲ್ಲ. ಆದರೆ ವರ್ಷದ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುವ ಈ ಬಿಸಿ, ತೇವದ ನೆಲದಲ್ಲಿ ಬಂಡೆ ಕರಗುವ ವೇಗ ಅಸಾಧಾರಣ. ಗುರುಮೂರ್ತಿ, ಮಣಿಪಾಲದ ಬಾಲಕೃಷ್ಣ, ಫ್ರೆಂಚ್ ಸಹೋದ್ಯೋಗಿಗಳಾದ ರಿಯೋಟ್ ಮತ್ತು ಬ್ರೌನ್ ಮೊದಲಾದವರು ನೇತ್ರಾವತಿಯನ್ನು ಅಳೆದು 2012ರಲ್ಲಿ ಪ್ರಕಟಿಸಿದ ಕೆಲಸ ಇದನ್ನೇ ಎತ್ತಿ ತೋರಿಸುತ್ತದೆ. ಬೇರೆ ಕರಾವಳಿಗಳಿಗೆ ಕೊರತೆಯಾಗುತ್ತಿರುವ ಸಿಲಿಕವನ್ನು ನಮ್ಮ ಪುಟ್ಟ ಹೊಳೆಗಳು ಈಗಲೂ ಧಾರಾಳವಾಗಿ ಕೊಡುತ್ತಿವೆ.

ಸಾವಯವ ವಸ್ತುವಿನ ವಿಷಯ ಹೇಳುವಾಗ ಪ್ರಯೋಗಾಲಯದ ಮೇಜನ್ನು ತೋರಿಸುವುದು ಒಳ್ಳೆಯದು. 450 ಡಿಗ್ರಿಯಲ್ಲಿ ಸುಟ್ಟು ಶುದ್ಧ ಮಾಡಿದ ಗಾಜಿನ ನಾರಿನ ಸೋಸುಬಿಲ್ಲೆಯೊಂದನ್ನು ಇಟ್ಟು ಜೂನ್ ಮೊದಲ ನೆರೆಯ ಕೆಂಪು ನೀರು ಸುರಿದರೆ, ಒಂದು ಲೋಟ ಇಳಿಯುವ ಮೊದಲೇ ಬಿಲ್ಲೆ ಕಟ್ಟಿಕೊಳ್ಳುತ್ತದೆ. ಮೇಲೆ ಉಳಿಯುವುದು ಇಟ್ಟಿಗೆ ಬಣ್ಣದ ನುಣುಪಾದ ಲೇಪ, ನಡುವೆ ಕೊಳೆತ ಎಲೆಯ ಕಪ್ಪು ಚೂರುಗಳು. ಆಗಸ್ಟಿನಲ್ಲಿ ಅದೇ ಜಾಗದ ನೀರು ಸಲೀಸಾಗಿ ಇಳಿಯುತ್ತದೆ, ಬಿಲ್ಲೆಯ ಮೇಲೆ ಬರಿ ತೆಳು ಕಂದು ಕಲೆ. ಬೇಸಗೆಯಿಡೀ ಕಾಡಿನ ನೆಲದಲ್ಲಿ, ತೋಟದಲ್ಲಿ, ಗದ್ದೆಯಲ್ಲಿ ಕೂಡಿದ್ದೆಲ್ಲ ಮೊದಲ ಕೆಲವು ನೆರೆಗಳಲ್ಲೇ ಹೊರಟುಬಿಡುತ್ತದೆ. ಸೋಸಿ ಇಳಿದ ತಿಳಿ ಕಂದು ನೀರನ್ನು ಬೀಕರಿನಲ್ಲಿಟ್ಟು ಕಡಲ ನೀರು ಬೆರೆಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಹಾಲು ಒಡೆದ ಹಾಗೆ ಸಣ್ಣ ಸಣ್ಣ ಗರಣೆಗಳಾಗಿ ತಳಕ್ಕಿಳಿಯುತ್ತದೆ. ಕರಗಿದ ಹ್ಯೂಮಿಕ್ ಪದಾರ್ಥವೂ ಕಬ್ಬಿಣವೂ ಉಪ್ಪಿನ ಸಂಗಡ ಕೂಡಿ ಹೆಪ್ಪುಗಟ್ಟುವುದೇ ಇದು. ಸ್ಕಾಟ್ಲೆಂಡಿನ ಹೊಳೆಗಳ ನೀರಿನಲ್ಲಿ ಶೋಲ್ಕೋವಿಟ್ಸ್ ಇದನ್ನು 1976ರಲ್ಲೇ ತೋರಿಸಿದ್ದರು. ನಮ್ಮ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡೇ ಅಳಿವೆಗೆ ಬರುತ್ತದೆ. ಅದರೊಂದು ಭಾಗ ಉಪ್ಪುನೀರಿನಲ್ಲಿ ಸಡಿಲವಾಗುತ್ತದೆ, ಇನ್ನೊಂದು ಭಾಗ ತಳದ ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ಹೊರಬರುತ್ತದೆ. ಹಾಗಾಗಿ ಸೇತುವೆಯ ಬಳಿ ತೆಗೆದ ಮಾದರಿಯ ಅಂಕಿಯನ್ನು ಕಡಲಿಗೆ ಸೇರಿದ ಪ್ರಮಾಣವೆಂದು ಬರೆಯಲಾಗದು.

1990ರ ದಶಕದಿಂದ ಇಂಗಾಲದವರ ಪ್ರಶ್ನೆಗಳೇ ಮುನ್ನೆಲೆಗೆ ಬಂದವು. ನದಿಗಳು ಇಷ್ಟೊಂದು ನೆಲದ ಇಂಗಾಲ ತಂದರೂ ಕಡಲಿನಲ್ಲಿ ಅದರ ಗುರುತು ಯಾಕಿಷ್ಟು ಕಡಿಮೆ ಎಂದು ಹೆಜಸ್, ಕೀಲ್, ಬೆನ್ನರ್ 1997ರಲ್ಲಿ ಕೇಳಿದರು. 2007ರಲ್ಲಿ ಕೋಲ್ ಮತ್ತು ಸಂಗಡಿಗರು, ನೆಲದಿಂದ ನದಿಗಿಳಿದ ಇಂಗಾಲದಲ್ಲಿ ಅರ್ಧದಷ್ಟೂ ಕಡಲು ಮುಟ್ಟುವುದಿಲ್ಲ, ದಾರಿಯಲ್ಲೇ ಅನಿಲವಾಗಿ ಅಥವಾ ಹೂತು ಹೋಗುತ್ತದೆ ಎಂದರು. ಇವು ದೊಡ್ಡ ಕೆಲಸಗಳು. ಜೊತೆಜೊತೆಗೆ ಬೆಳೆದದ್ದು ‘ಸತ್ತ ವಲಯ’ದ ಮಾತು. ಮಿಸಿಸಿಪ್ಪಿಯ ಬಾಯಲ್ಲಿ ನ್ಯಾನ್ಸಿ ರಬಲೇಯ್ 1985ರಿಂದ ಪ್ರತಿ ಬೇಸಗೆ ಮಾಡಿದ ಅಳತೆ ಅನುಕರಣೀಯ. 2017ರಲ್ಲಿ ಅಲ್ಲಿ ಆಮ್ಲಜನಕ ಬತ್ತಿದ ತಳದ ವಿಸ್ತೀರ್ಣ 22,000 ಚದರ ಕಿಲೋಮೀಟರ್ ದಾಟಿತ್ತು. ಆದರೆ ಆ ಕಥೆಯನ್ನು ಎಲ್ಲ ನದಿಗೂ ಅಂಟಿಸಿ ನದಿಯ ಪೋಷಕಾಂಶವೆಂದರೆ ಮಾಲಿನ್ಯ ಎಂದು ಪಾಠ ಹೇಳುವುದು ಈಗಿನ ರೂಢಿಯಾಗಿದೆ. ಅಯೋವಾದ ಮೆಕ್ಕೆಜೋಳದ ಹೊಲದ ನೈಟ್ರೇಟೂ ಕುದುರೆಮುಖದ ಕಾಡಿನ ತರಗೆಲೆಯೂ ಒಂದೇ ಅಲ್ಲ.

ನಮ್ಮ ಪಶ್ಚಿಮ ತೀರದಲ್ಲಿ ಮಳೆಗಾಲದ ಕೊನೆಗೆ ತಳದ ಆಮ್ಲಜನಕ ಬತ್ತುವುದು ಮುಖ್ಯವಾಗಿ ಆಳದ ತಣ್ಣೀರು ಮೇಲೇಳುವುದರಿಂದ. ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೇಖನ ಇದರ ವಿಸ್ತಾರವನ್ನು ಜಗತ್ತಿಗೆ ತಿಳಿಸಿತು. ಇದು ತೀವ್ರವಾಗುವುದರಲ್ಲಿ ಮನುಷ್ಯ ಸೇರಿಸಿದ ಸಾರಜನಕದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಆ ಕೆಲಸದಲ್ಲಿ ಬಹುಮಂದಿ ಗಮನಿಸದ ಒಂದು ಅಂಶವಿದೆ: ಮೇಲೆದ್ದ ತಣ್ಣೀರಿನ ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರು ಕೆಲವೇ ಮೀಟರ್ ದಪ್ಪದ ಪದರವಾಗಿ ಹರಡಿರುತ್ತದೆ. ಪೋಷಕಾಂಶಗಳ ದೊಡ್ಡ ಪಾಲು ಕೆಳಗಿನಿಂದಲೇ ಬರುತ್ತದೆ ಎಂದು ಒಪ್ಪೋಣ. ಆದರೆ ಬೆಳಕು ತುಂಬ ಇರುವ ಮೇಲಿನ ತೆಳು ಪದರಕ್ಕೆ, ದಡದ ಬದಿಯ ಕಿರಿದಾದ ಪಟ್ಟಿಗೆ, ಮರಿಮೀನು ಸಿಗಡಿಗಳು ಬೆಳೆಯುವ ಅಳಿವೆಗೆ ಹೊಳೆ ಏನು ಕೊಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಹಡಗು ಅಷ್ಟು ಆಳವಿಲ್ಲದ ನೀರಿಗೆ ಬರುವುದಿಲ್ಲ, ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ, ಮೋಡ ಮುಚ್ಚಿದ ಆಕಾಶದಿಂದ ಉಪಗ್ರಹಕ್ಕೆ ಕಾಣುವುದಿಲ್ಲ. ಎಲ್ಲವೂ ನಡೆಯುವ ಹೊತ್ತಿನಲ್ಲೇ ನಾವು ಅಲ್ಲಿ ಇರುವುದಿಲ್ಲ. ವಿಶಾಖಪಟ್ಟಣದ ವಿ.ವಿ.ಎಸ್.ಎಸ್. ಶರ್ಮ ಅವರ ತಂಡ 2011ರಲ್ಲಿ ದೇಶದ ಎರಡೂ ತೀರಗಳ ಇಪ್ಪತ್ತಕ್ಕೂ ಹೆಚ್ಚು ಅಳಿವೆಗಳನ್ನು ನೆರೆಯ ಕಾಲದಲ್ಲೇ ಅಳೆದದ್ದು ಅದಕ್ಕಾಗಿಯೇ ಅಮೂಲ್ಯ. ಆದರೆ ಅದು ಒಂದು ವರ್ಷದ ಚಿತ್ರ.

ಅಣೆಕಟ್ಟು ಕಟ್ಟಿದರೆ ಏನಾಗುತ್ತದೆಂದು ತಿಳಿಯಲು ನಾವು ನೈಲ್ ತನಕ ಹೋಗಬೇಕಿಲ್ಲ. ಹೊನ್ನಾವರ, ಕುಮಟಾಗಳ ನಡುವಿನ ದಾರಿ ಸಾಕು. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪ; ಶರಾವತಿಯಲ್ಲಿ ಈಗ ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ವರ್ಷವಿಡೀ ಇಳಿಯುತ್ತದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಹಳೆಯ ಕ್ರಮ ಉಳಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಬಳಗದ ಅಧ್ಯಯನಗಳಲ್ಲಿ ಎರಡರ ವ್ಯತ್ಯಾಸ ಸ್ಪಷ್ಟವಾಗಿದೆ: ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಇಳಿದು ಚಿಪ್ಪಿ ಮತ್ತು ಮೀನಿನ ವೈವಿಧ್ಯ ಕುಗ್ಗಿದೆ, ಅಘನಾಶಿನಿಯಲ್ಲಿ ಚಿಪ್ಪಿ ಹೆಕ್ಕಿ ಬದುಕುವ ಕುಟುಂಬಗಳು ಇಂದಿಗೂ ಇವೆ, ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತವೂ ಇದೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮನ್ನಣೆ ಸಿಕ್ಕಿತು. ನೀರಿನ ಒಟ್ಟು ಮೊತ್ತಕ್ಕಿಂತ ಅದು ಬರುವ ಕಾಲ ಮುಖ್ಯ ಎಂದು ಈ ಎರಡು ಹೊಳೆಗಳು ಕಲಿಸುತ್ತವೆ. ಆದರೆ ಈ ಜೋಡಿಯ ಮೇಲೆ ಆಗಿರುವುದು ಹೆಚ್ಚಾಗಿ ಮೀನು, ಚಿಪ್ಪಿ, ಕಾಂಡ್ಲಗಳ ಲೆಕ್ಕ. ಸಿಲಿಕ, ಸಾವಯವ ಇಂಗಾಲ, ಕಣಕ್ಕಂಟಿದ ರಂಜಕ ಇವುಗಳನ್ನು ಎರಡೂ ಕಡೆ ಒಂದೇ ಮಳೆಗಾಲದಲ್ಲಿ ದಿನದಿನವೂ ಅಳೆದರೆ, ಅಣೆಕಟ್ಟು ಕರಾವಳಿಯ ಪೋಷಣೆಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಜಗತ್ತಿನ ಅತ್ಯುತ್ತಮ ಉತ್ತರಗಳಲ್ಲಿ ಒಂದು ಉತ್ತರ ಕನ್ನಡದಿಂದ ಬರಬಹುದು.

ನೇತ್ರಾವತಿಯ ವಿಷಯಕ್ಕೆ ಬರೋಣ. ಅದರ ಉಪನದಿಯಾದ ಕುಮಾರಧಾರೆಯ ಮೇಲ್ಭಾಗದ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿ ಹೊಳೆ, ಹೊಂಗಡಹಳ್ಳಗಳಿಂದ ವರ್ಷಕ್ಕೆ 24 ಟಿಎಂಸಿ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ನಿಜ, ಅದನ್ನು ಹಗುರವಾಗಿ ಕಾಣುವ ಹಕ್ಕು ಕರಾವಳಿಯ ಯಾರಿಗೂ ಇಲ್ಲ. ಆದರೆ 24 ಟಿಎಂಸಿ ಎಂದರೆ ಸುಮಾರು 68 ಕೋಟಿ ಘನಮೀಟರ್. ಜಗತ್ತಿನ ನದಿಗಳ ಸರಾಸರಿಯಂತೆ ಲೀಟರಿಗೆ 10 ಮಿಲಿಗ್ರಾಂ ಸಿಲಿಕ ಎಂದು ಹಿಡಿದರೂ ಅದರಲ್ಲಿ 6,800 ಟನ್ ಸಿಲಿಕ ಇದೆ. ಇದು ಕಡಲಿಗೆ ದೊಡ್ಡದೋ ಸಣ್ಣದೋ ಎಂದು ಹೇಳಲು ನೇತ್ರಾವತಿಯ ಒಟ್ಟು ಹೊರೆ, ಅದು ಬರುವ ದಿನಗಳು, ಆ ದಿನಗಳಲ್ಲಿ ಅಳಿವೆಯ ಹೊರಗಿನ ಪ್ಲವಕಗಳ ಸ್ಥಿತಿ ಗೊತ್ತಿರಬೇಕು. ಸಣ್ಣದು ಎಂದೇ ಉತ್ತರ ಬರಬಹುದು. ಬಂದರೆ ಅಂಕಿಯೊಂದಿಗೆ ಬರಲಿ. ನದಿಯ ನೀರನ್ನು ನಿತ್ಯ ಪರೀಕ್ಷಿಸುವ ವ್ಯವಸ್ಥೆ ಇದೆಯಾದರೂ ಅದು ಕುಡಿಯಲು, ಸ್ನಾನಕ್ಕೆ ನೀರು ಯೋಗ್ಯವೇ ಎಂದು ನೋಡಲು ಕಟ್ಟಿದ್ದು. ಜೈವಿಕ ಆಮ್ಲಜನಕ ಬೇಡಿಕೆ, ಕೋಲಿಫಾರ್ಮ್ ಎಣಿಕೆ ಅದರ ಜೀವಾಳ. ಕಡಲಿಗೆ ಎಷ್ಟು ಹೋಯಿತು ಎಂದು ಕೇಳುವ ಉದ್ದೇಶ ಅದಕ್ಕಿಲ್ಲ. ತಿಂಗಳಿಗೊಮ್ಮೆ ತೆಗೆದ ಮಾದರಿ ಜೂನಿನ ಆ ಕೆಲವು ದಿನಗಳನ್ನು ಹಿಡಿಯುವುದೂ ಇಲ್ಲ.

ಬೇಕಾದದ್ದು ದೊಡ್ಡ ಹಡಗಲ್ಲ. ಉಪ್ಪಿನಂಗಡಿಯ ಸಂಗಮದಲ್ಲಿ, ಬಂಟ್ವಾಳದಲ್ಲಿ, ಉಳ್ಳಾಲದ ಸೇತುವೆಯಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಬಾಟಲಿ ನೀರು, ಅಂದಂದೇ ಸೋಸಲು ಒಂದು ಕೋಣೆ, ತಂಪುಪೆಟ್ಟಿಗೆ, ಮತ್ತು ಹತ್ತು ವರ್ಷ ಕೈಬಿಡದ ಅನುದಾನ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೊಣಾಜೆಯಲ್ಲಿ ಕಡಲ ಭೂವಿಜ್ಞಾನ ವಿಭಾಗವಿದೆ, ಸುರತ್ಕಲ್ಲಿನಲ್ಲಿ ಜಲ ಎಂಜಿನಿಯರುಗಳಿದ್ದಾರೆ, ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವವಿಜ್ಞಾನದವರಿದ್ದಾರೆ. ಇವರೆಲ್ಲರ ವಿದ್ಯಾರ್ಥಿಗಳು ಎರಡೆರಡು ವರ್ಷದ ಪ್ರಬಂಧಗಳಿಗಾಗಿ ಇದೇ ಹೊಳೆಗಳಲ್ಲಿ ಬಿಡಿಬಿಡಿಯಾಗಿ ಮಾದರಿ ತೆಗೆದು, ಪದವಿ ಪಡೆದು, ಮುಂದೆ ಹೋಗಿದ್ದಾರೆ. ಆ ಅಂಕಿಗಳು ಗ್ರಂಥಾಲಯಗಳ ಕಪಾಟಿನಲ್ಲಿವೆ. ಅವನ್ನು ಒಟ್ಟುಗೂಡಿಸುವ ಕೆಲಸ ಈ ವರ್ಷವೇ ಆರಂಭವಾಗಬೇಕು, ಏಕೆಂದರೆ ನೀರು ತಿರುಗುವ ಮೊದಲು ನೇತ್ರಾವತಿ ಕಡಲಿಗೆ ಏನು ಕೊಡುತ್ತಿತ್ತು ಎಂಬುದಕ್ಕೆ ನಮ್ಮಲ್ಲಿ ಉಳಿದಿರುವ ಸಾಕ್ಷ್ಯದ ಬಹುಪಾಲು ಅದೇ.